ಗೋಡೆಗಿಂತ ಮೊದಲು ಗೇಟಿನ ಹೊರಗೆ ನೋಡಿ

"ಚಾಮರಾಜಪುರಂನಲ್ಲಿ ಒಂದು ಹಳೇ ಮನೆ ನೋಡಿದ್ದೀವಿ ಸರ್. ಗೋಡೆ ಗಟ್ಟಿ ಇದೆಯಾ, ತಾರಸಿ ಉಳಿಯುತ್ತಾ, ಒಂದ್ಸಲ ಬಂದು ಹೇಳ್ತೀರಾ?" ಎಂದು ಕೇಳುವವರು ಈಚೀಚೆಗೆ ಹೆಚ್ಚಾಗಿದ್ದಾರೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು, ಬೆಂಗಳೂರಿನ ಓಡಾಟ ಸಾಕಾಗಿ ಬಂದವರು, ಅಪ್ಪ ಅಮ್ಮನ ಮನೆ ಪಾಲಿಗೆ ಬಂದಿದೆ, ಇಟ್ಟುಕೊಳ್ಳೋಣವೇ ಕೊಟ್ಟುಬಿಡೋಣವೇ ಎಂದು ತೂಗುತ್ತಿರುವವರು. ಬೇರೆ ಬೇರೆ ಮಾತಿನಲ್ಲಿ ಎಲ್ಲರೂ ಹೇಳುವುದು ಒಂದೇ: ಹಾಲಿಗೆ, ಔಷಧಿಗೆ, ಮಕ್ಕಳ ಶಾಲೆಗೆ ಕಾರು ತೆಗೆಯದೆ ಬದುಕಬಹುದಾದ ಜಾಗ ಬೇಕು.

ಹಳೆಯ ಮನೆಗಳ ದುರಸ್ತಿಯೇ ನನ್ನ ಮುಖ್ಯ ಕೆಲಸ. ಹಾಗೆ ಕರೆದವರ ಜೊತೆ ಹೋದಾಗ ನಾನು ಮೊದಲು ಒಳಗೆ ಹೋಗುವುದಿಲ್ಲ. ಗೇಟಿನ ಹೊರಗೆ ನಿಂತು ಚರಂಡಿ ಎಲ್ಲಿದೆ, ರಸ್ತೆ ಎಷ್ಟು ಎತ್ತರವಾಗಿದೆ, ಫುಟ್‌ಪಾತ್ ಏನಾಗಿದೆ, ಮರದ ಬುಡಕ್ಕೆ ಮಣ್ಣು ಉಳಿದಿದೆಯೇ ಎಂದು ನೋಡುತ್ತೇನೆ. ಮನೆಯ ಆಯಸ್ಸೂ ಆ ಬೀದಿಯಲ್ಲಿ ನಡೆಯುವವರ ಸುಖವೂ ತೀರ್ಮಾನವಾಗುವುದು ಗೇಟಿನಿಂದ ಡಾಂಬರಿನವರೆಗಿನ ಆ ಆರೆಂಟು ಅಡಿಯಲ್ಲಿ. ಪರಂಪರೆ ಎಂದಾಗ ನಾವು ಮುಖಮಂಟಪದ ಕಂಬ, ಬಣ್ಣದ ಗಾಜು, ಕೆತ್ತನೆಯ ಬಾಗಿಲಿನ ಬಗ್ಗೆಯೇ ಮಾತಾಡುತ್ತೇವೆ. ಅವೆಲ್ಲ ಉಳಿದೂ ಬೀದಿ ಸತ್ತುಹೋಗಿರುವುದನ್ನು ನಾನು ಕಂಡಿದ್ದೇನೆ.

ಮೈಸೂರಿನ ಈ ಹಳೇ ಬಡಾವಣೆಗಳಲ್ಲಿ ನಡೆಯುವುದು ಯಾಕೆ ಇಷ್ಟು ಸಲೀಸು ಎಂಬುದಕ್ಕೆ ಚರಿತ್ರೆಯಲ್ಲಿ ಉತ್ತರವಿದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬಂದ ಪ್ಲೇಗು ಮೈಸೂರಿನ ಇಕ್ಕಟ್ಟಾದ ಹಳೇ ಕೇರಿಗಳಲ್ಲಿ ಸಾವು ತಂದಿತು. ಊರಿಗೆ ಗಾಳಿ ಬೆಳಕು ಬೇಕು ಎಂಬ ಹಟ ಆಗ ಹುಟ್ಟಿತು. 1903ರಲ್ಲಿ ನಗರ ಸುಧಾರಣಾ ಮಂಡಳಿ, ಅಂದರೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್, ಬಂತು. ಹಳಬರ ಬಾಯಲ್ಲಿ ಅದು ಇಂದಿಗೂ ಸಿಐಟಿಬಿ. ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ, ಆಮೇಲೆ ಸರಸ್ವತಿಪುರಂ ಹೀಗೆ ಒಂದರ ಪಕ್ಕ ಒಂದು ಬೆಳೆದವು. 1916ರ ಜುಲೈ 27ರಂದು ವಿಶ್ವವಿದ್ಯಾನಿಲಯ ಹುಟ್ಟಿತು. ಅಲ್ಲಿಯವರೆಗೆ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಮಹಾರಾಜ ಕಾಲೇಜು ಅದರ ಮೊದಲ ಅಂಗಗಳಲ್ಲಿ ಒಂದಾಯಿತು. ಮೇಷ್ಟ್ರು, ಗುಮಾಸ್ತರು, ವಕೀಲರು, ವಿದ್ಯಾರ್ಥಿಗಳು ಎಲ್ಲರಿಗೂ ಕಾಲೇಜು, ಕೋರ್ಟು, ಕಚೇರಿ ನಡಿಗೆಯ ದೂರದಲ್ಲೇ ಇರಬೇಕಿತ್ತು, ಯಾಕೆಂದರೆ ಬೇರೆ ದಾರಿ ಇರಲಿಲ್ಲ. ಅನುಕೂಲವಿದ್ದವರಿಗೆ ಸೈಕಲ್, ಇನ್ನೂ ಸ್ಥಿತಿವಂತರಿಗೆ ಜಟಕಾ. 1960ರಲ್ಲಿ ಸ್ನಾತಕೋತ್ತರ ವಿಭಾಗಗಳಿಗೆಂದು ಮಾನಸಗಂಗೋತ್ರಿ ಶುರುವಾಯಿತು. ಆ ಹೆಸರಿಟ್ಟವರು ಆಗ ಕುಲಪತಿಯಾಗಿದ್ದ ಕುವೆಂಪು. ಅದರ ಮತ್ತು ಸರಸ್ವತಿಪುರದ ನಡುವೆ ಉಳಿದದ್ದು ಮುಮ್ಮಡಿ ಕೃಷ್ಣರಾಜರ ಕಾಲದ ಕುಕ್ಕರಹಳ್ಳಿ ಕೆರೆ.

ನಕ್ಷೆ ನೋಡಿದರೆ ಗುಟ್ಟು ತಿಳಿಯುತ್ತದೆ. ಇಲ್ಲಿ ಸಾಲುಗಳು ಚಿಕ್ಕವು, ಅಡ್ಡರಸ್ತೆಗಳು ಹೆಚ್ಚು. ಎಲ್ಲಿಗೆ ಹೊರಟರೂ ಎರಡು ಮೂರು ದಾರಿ ಇರುತ್ತದೆ; ಬಿಸಿಲಿಗೊಂದು, ಮಳೆಗೊಂದು, ತರಕಾರಿ ಕೊಳ್ಳಬೇಕಾದಾಗ ಇನ್ನೊಂದು. ಒಂದೇ ಬೀದಿಯಲ್ಲಿ ದೊಡ್ಡ ಬಂಗಲೆಯೂ ಉಂಟು, ಮೂರು ಅಂಕಣದ ಹೆಂಚಿನ ಮನೆಯೂ ಉಂಟು, ಹಿಂದೆ ವಠಾರವೂ ಉಂಟು. ಮೂಲೆಯಲ್ಲಿ ಹಿಟ್ಟಿನ ಗಿರಣಿ, ಕಾಫಿಪುಡಿ ಅಂಗಡಿ, ಜೆರಾಕ್ಸ್ ಅಂಗಡಿ, ಮರದ ಕೆಳಗೆ ಇಸ್ತ್ರಿ ಗಾಡಿ. ರಿಂಗ್ ರಸ್ತೆಯಾಚೆ ನಾವು ಈಗ ಕಟ್ಟುತ್ತಿರುವ ಬಡಾವಣೆಗಳಲ್ಲಿ ರಸ್ತೆ ಅಗಲವಿದೆ, ಫುಟ್‌ಪಾತ್ ಕೂಡ ಇದೆ, ಆದರೆ ನಡೆದು ಹೋಗಿ ಸೇರಬೇಕಾದ ಜಾಗವೇ ಇಲ್ಲ. ಸುತ್ತ ಕಾಂಪೌಂಡು, ಒಂದೇ ಗೇಟು, ಅರ್ಧ ಲೀಟರ್ ಹಾಲಿಗೆ ಸ್ಕೂಟರ್.

ವಠಾರದ ಬಗ್ಗೆ ಒಂದು ಮಾತು ಹೇಳಲೇಬೇಕು. ಒಂದು ಅಂಗಳ, ಒಂದು ಬಾವಿ ಅಥವಾ ನಲ್ಲಿ, ಸುತ್ತ ಒಂದೆರಡು ಕೋಣೆಯ ಬಾಡಿಗೆ ಮನೆಗಳು. ಹಳ್ಳಿಯಿಂದ ಓದಲು ಬಂದ ಎಷ್ಟೋ ಹುಡುಗರು ಇಂಥ ಕೋಣೆಗಳಲ್ಲಿ ಓದಿ ಮೇಲೆ ಬಂದರು. ಕೆಲವರು ವಾರಾನ್ನದ ಮೇಲೆ ಬದುಕಿದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಕಾಲೇಜಿಗೂ ಊಟದ ಮನೆಗೂ ನಡೆದೇ ಮುಟ್ಟುವಷ್ಟು ಹತ್ತಿರವಿದ್ದುದರಿಂದಲೇ ಆ ಪದ್ಧತಿ ನಡೆಯಿತು. ಅದು ಎಲ್ಲ ಜಾತಿಯ ಹುಡುಗರಿಗೂ ತೆರೆದಿದ್ದ ಬಾಗಿಲಲ್ಲ ಎಂಬುದನ್ನೂ ಮರೆಯಬಾರದು. ಬೇರೆ ಬೇರೆ ಸಮುದಾಯಗಳ ವಿದ್ಯಾರ್ಥಿನಿಲಯಗಳು ಈ ಊರಿನಲ್ಲಿ ಎದ್ದದ್ದಕ್ಕೆ ಅದೂ ಒಂದು ಕಾರಣ. ಇಂದಿನ ಪಿಜಿಗಳನ್ನು ಬೈಯುವ ಮನೆಯವರಿಗೆ ನಾನು ಇದನ್ನು ನೆನಪಿಸುತ್ತೇನೆ. ವಿದ್ಯಾರ್ಥಿಗಳು ಈ ಬೀದಿಗಳಿಗೆ ಹೊಸಬರಲ್ಲ. ಅವರು ನಡೆಯುವುದರಿಂದಲೇ ಮೂಲೆ ಅಂಗಡಿ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ, ಒಂಟಿಯಾಗಿರುವ ವಯಸ್ಸಾದವರಿಗೆ ಬೀದಿಯಲ್ಲಿ ಜನರ ಸುಳಿವು ಇರುತ್ತದೆ. ತೊಂದರೆ ಹುಟ್ಟುವುದು ಇಪ್ಪತ್ತು ಹುಡುಗರನ್ನು ಒಂದು ಸೈಟಿನಲ್ಲಿ ತುಂಬಿ, ಅವರ ಇಪ್ಪತ್ತು ಬೈಕನ್ನು ಫುಟ್‌ಪಾತಿನ ಮೇಲೆ ನಿಲ್ಲಿಸಿದಾಗ. ಮೇಲಿನ ಎರಡು ಕೋಣೆಯನ್ನು ನಡೆದು ಕಾಲೇಜಿಗೆ ಹೋಗುವ ಮೂವರಿಗೆ ಕೊಡಿ. ಮನೆಯ ದುರಸ್ತಿಗೆ ಬಾಡಿಗೆಯೂ ಒದಗುತ್ತದೆ, ಬೀದಿಗೂ ಭಾರವಿಲ್ಲ.

ಇನ್ನು ಕನ್ಸರ್ವೆನ್ಸಿ. ಎರಡು ಸಾಲು ಮನೆಗಳ ಬೆನ್ನಿನ ನಡುವೆ ಹೋಗುವ ಆ ಸಣ್ಣ ಓಣಿಯನ್ನು ಮೈಸೂರಿನವರೆಲ್ಲ ಹೀಗೇ ಕರೆಯುತ್ತಾರೆ. ಒಣ ಪಾಯಿಖಾನೆಗಳನ್ನು ಹಿಂದಿನಿಂದ ಶುಚಿ ಮಾಡುವವರು ಬಂದು ಹೋಗಲೆಂದು ಅದನ್ನು ಬಿಟ್ಟಿದ್ದರು. ಮುಂದಿನ ಬೀದಿ ಮನೆಯವರದು, ಹಿಂದಿನ ಓಣಿ ಮಲ ಹೊರುವವರದು. ಬಡಾವಣೆಯ ನಕ್ಷೆಯಲ್ಲೇ ಅಸ್ಪೃಶ್ಯತೆಗೆ ಒಂದು ದಾರಿ ಎಳೆದಿದ್ದರು. 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು; ಒಳಚರಂಡಿ ಬಂದಂತೆ ಓಣಿಯ ಮೂಲ ಕೆಲಸ ಮುಗಿಯಿತು. ಈಗ ಎಷ್ಟೋ ಕಡೆ ಅವು ಕಸದ ಗುಂಡಿ, ಒತ್ತುವರಿ, ಪೈಪುಗಳ ಜಾಗ. ನನ್ನ ಅಭಿಪ್ರಾಯ ಸ್ಪಷ್ಟವಿದೆ: ಇವನ್ನು ಮಾರಬಾರದು, ಮುಚ್ಚಬಾರದು. ದೀಪ ಹಾಕಿ, ಚಪ್ಪಡಿ ಹಾಸಿ, ವಾಹನ ನುಗ್ಗದಂತೆ ಎರಡು ಕಲ್ಲು ನೆಟ್ಟರೆ ಶಾಲೆಯ ಮಕ್ಕಳಿಗೆ ಅಪಾಯವಿಲ್ಲದ ದಾರಿ ಸಿಗುತ್ತದೆ. ಅವಮಾನಕ್ಕೆಂದು ಮಾಡಿದ ದಾರಿಯಲ್ಲಿ ಎಲ್ಲರ ಮಕ್ಕಳೂ ನಡೆದು ಹೋಗಲಿ ಎಂಬುದು ನನ್ನ ಆಸೆ.

ಈಗ ಗೇಟಿನ ಮುಂದಕ್ಕೆ ಬರೋಣ. ಕೃಷ್ಣಮೂರ್ತಿಪುರದ ಒಂದು ಮನೆಯವರು ಮುಂದಿನ ಕೋಣೆಯ ಗೋಡೆ ಒದ್ದೆಯಾಗುತ್ತದೆಂದು ಕರೆದಿದ್ದರು. ಎರಡು ಸಲ ಸಿಮೆಂಟು ಗಿಲಾವು ಮಾಡಿಸಿದ್ದರು. ಆಮೇಲೆ ಮೂರಡಿ ಎತ್ತರಕ್ಕೆ ಟೈಲ್ಸ್ ಅಂಟಿಸಿದ್ದರು. ತೇವ ಟೈಲ್ಸ್ ದಾಟಿ ಕಿಟಕಿಯ ಮಟ್ಟಕ್ಕೆ ಏರಿತ್ತು. ನಮ್ಮ ಮೇಸ್ತ್ರಿ ಗೋಡೆ ಮುಟ್ಟಿ ನೋಡಿ, "ಇಲ್ಲೇನೂ ಇಲ್ಲ ಸಾರ್, ಆಚೆ ನೋಡ್ಬೇಕು" ಎಂದು ಹೊರಗೆ ನಡೆದರು. ಹೊರಗೆ ಕಾರು ಹತ್ತಿಸಲೆಂದು ಚರಂಡಿಯ ಮೇಲೆ ಗೇಟಿನಷ್ಟು ಅಗಲಕ್ಕೆ ಕಾಂಕ್ರೀಟು ರ‍್ಯಾಂಪ್ ಸುರಿದಿದ್ದರು. ಅಡಿಯಲ್ಲಿ ನೀರು ಹೋಗಲು ಇಟ್ಟಿದ್ದ ನಾಲ್ಕಿಂಚಿನ ಪೈಪು ಹೊಂಗೆ ಎಲೆ, ಹಾಲಿನ ಕವರಿನಿಂದ ಕಟ್ಟಿಕೊಂಡಿತ್ತು. ಮೇಲಿನಿಂದ ಬಂದ ಮಳೆನೀರು ಅಲ್ಲಿ ನಿಂತು, ಇಂಗಿ, ಸೀದಾ ತಳಪಾಯಕ್ಕೆ ಇಳಿಯುತ್ತಿತ್ತು.

ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಹಳೆಯ ಗೋಡೆ ನೀರನ್ನು ಹೀರುತ್ತದೆ, ಹಾಗೆಯೇ ಹೊರಗೂ ಬಿಡುತ್ತದೆ. ಸುಣ್ಣದ ಗಿಲಾವಿನ ಮೂಲಕ ತೇವ ಆವಿಯಾಗಿ ಹೋಗುವುದರಿಂದ ಸ್ವಲ್ಪ ನೀರು ಏರಿದರೂ ಗೋಡೆ ತಾನಾಗಿ ಒಣಗುತ್ತದೆ. ಸಿಮೆಂಟು, ಟೈಲ್ಸ್, ಪ್ಲಾಸ್ಟಿಕ್ ಬಣ್ಣ ಆ ದಾರಿಯನ್ನು ಮುಚ್ಚುತ್ತವೆ. ತೇವ ಹೋಗಲು ದಾರಿ ಸಿಗುವಲ್ಲಿಯವರೆಗೆ ಮೇಲೇರುತ್ತದೆ. ಜೊತೆಗೆ ಬಂದ ಉಪ್ಪು ಇಟ್ಟಿಗೆಯ ಮೈಯನ್ನು ಪುಡಿ ಮಾಡುತ್ತದೆ. ಆ ಮನೆಯಲ್ಲಿ ನಾವು ಮೊದಲು ರ‍್ಯಾಂಪ್ ಒಡೆದೆವು. ಚರಂಡಿಯ ಮೇಲೆ ಎತ್ತಿ ತೆಗೆಯಬಹುದಾದ ಕಬ್ಬಿಣದ ಜಾಲರಿ ಹಾಕಿದೆವು. ಸಿಮೆಂಟು ಕೆತ್ತಿ ತೆಗೆದು ಒಂದು ಮಳೆಗಾಲ ಒಂದು ಬೇಸಿಗೆ ಗೋಡೆಯನ್ನು ಹಾಗೇ ಬಿಟ್ಟೆವು. ಮನೆಯವರಿಗೆ ಕಿರಿಕಿರಿಯಾಯಿತು, ಬಂದವರೆಲ್ಲ ಕೇಳುತ್ತಿದ್ದರಂತೆ. ಆದರೆ ಒಣಗದ ಗೋಡೆಗೆ ಗಿಲಾವು ಮಾಡುವುದು ದುಡ್ಡನ್ನು ಚರಂಡಿಗೆ ಹಾಕಿದ ಹಾಗೆ.

ಅದೇ ರ‍್ಯಾಂಪ್ ನಡೆಯುವವರಿಗೆ ಏನು ಮಾಡಿತ್ತು ನೋಡಿ. ಪ್ರತಿ ಮನೆಯ ಮುಂದೆ ಒಂದೊಂದು ಎತ್ತರದ ದಿಬ್ಬ. ಕೋಲು ಹಿಡಿದವರಾಗಲಿ, ಮಗುವಿನ ಗಾಡಿ ತಳ್ಳುವವರಾಗಲಿ ಏರಿ ಇಳಿಯಲಾರದೆ ರಸ್ತೆಗೆ ಇಳಿಯುತ್ತಾರೆ, ಹಿಂದಿನಿಂದ ಆಟೋ ಹಾರ್ನ್ ಹೊಡೆಯುತ್ತದೆ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಫುಟ್‌ಪಾತಿಗೆ ಕನಿಷ್ಠ 1.8 ಮೀಟರ್ ಅಡಚಣೆಯಿಲ್ಲದ ಅಗಲ ಕೇಳುತ್ತದೆ, ಅಂದರೆ ಸುಮಾರು ಆರಡಿ. ಅಂಚಿನ ಕಲ್ಲಿನ ಎತ್ತರ 150 ಮಿಲಿಮೀಟರ್ ದಾಟಬಾರದು ಎನ್ನುತ್ತದೆ. ಹಳೇ ಬೀದಿಯಲ್ಲಿ ಆರಡಿ ಎಲ್ಲ ಕಡೆ ಸಿಗದಿರಬಹುದು. ಸಿಕ್ಕಷ್ಟಾದರೂ ಮಟ್ಟಸವಾಗಿರಲಿ.

ಕಾರು ಇರುವವರು ಏನು ಮಾಡಬೇಕು? ಇಳಿಜಾರನ್ನು ಗೇಟಿನ ಒಳಗೆ ಮಾಡಿ. ಮನೆಯ ಅಂಗಳ ಫುಟ್‌ಪಾತಿಗಿಂತ ಒಂದಡಿ ಎತ್ತರವಿದ್ದರೆ, ಎಂಟಡಿ ಉದ್ದದ ಇಳಿಜಾರಿನಲ್ಲಿ ಸಾಮಾನ್ಯ ಕಾರು ಆರಾಮವಾಗಿ ಏರುತ್ತದೆ. ಹಳೆಯ ಸೈಟುಗಳಲ್ಲಿ ಮುಂದೆ ಅಷ್ಟು ಜಾಗ ಹೆಚ್ಚಾಗಿ ಇದ್ದೇ ಇರುತ್ತದೆ. ಚಕ್ರ ಹೋಗುವಲ್ಲಿ ಮಾತ್ರ ಎರಡು ಸಾಲು ಕಲ್ಲು ಹಾಸಿ, ನಡುವೆ ಮಣ್ಣು ಬಿಡಿ, ದಾಸವಾಳಕ್ಕೂ ನೀರು ಇಂಗಲಿಕ್ಕೂ ಆಗುತ್ತದೆ. ಗೇಟು ಹೊರಗೆ ತೆರೆಯದಿರಲಿ. ಮರದ ಬುಡಕ್ಕೆ ಕಾಂಕ್ರೀಟು ಬೇಡವೇ ಬೇಡ. ಏಪ್ರಿಲ್ ತಿಂಗಳ ಮಧ್ಯಾಹ್ನ ಈ ಬೀದಿಗಳಲ್ಲಿ ನಡೆಯಲು ಸಾಧ್ಯವಾಗಿರುವುದು ಮರದ ನೆರಳಿನಿಂದ; ಅದಿಲ್ಲದಿದ್ದರೆ ಎಂಥ ಫುಟ್‌ಪಾತ್ ಇದ್ದೂ ಜನ ನಡೆಯುವುದಿಲ್ಲ.

ಮನೆಯೊಳಗಿನ ವಿಷಯ ಚುಟುಕಾಗಿ ಹೇಳುತ್ತೇನೆ. ಮದ್ರಾಸು ತಾರಸಿಯಲ್ಲಿ ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಸುಣ್ಣದಲ್ಲಿ ಕಟ್ಟಿರುತ್ತಾರೆ, ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಪದರ. ನೋಡಬೇಕಾದ್ದು ತೊಲೆಯ ನಡುಭಾಗವನ್ನಲ್ಲ, ಗೋಡೆಯೊಳಗೆ ಹೂತಿರುವ ತುದಿಯನ್ನು. ತೇವವೂ ಗೆದ್ದಲೂ ಸೇರುವುದು ಅಲ್ಲಿ. ಸೋರುತ್ತದೆಂದು ಮೇಲೆ ಸಿಮೆಂಟು ಕಾಂಕ್ರೀಟು ಹಾಕಿಸಬೇಡಿ; ಭಾರ ಹೆಚ್ಚುತ್ತದೆ, ನೀರು ಒಳಗೇ ಸಿಕ್ಕಿಬೀಳುತ್ತದೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ಜನ ಸತ್ತರು, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಅಂದಿನಿಂದ ಹಳೇ ಕಟ್ಟಡವೆಂದರೆ ಬೀಳುವ ಕಟ್ಟಡ ಎಂಬ ಭಯ ಊರಲ್ಲಿ ನಿಂತಿದೆ. ವಾಸವಿದ್ದು, ವರ್ಷಕ್ಕೊಮ್ಮೆ ಮಳೆಗೆ ಮುಂಚೆ ತಾರಸಿಯ ಎಲೆ ಗುಡಿಸಿ, ಬಿರುಕಿನಲ್ಲಿ ಹುಟ್ಟಿದ ಅರಳಿ ಸಸಿಯನ್ನು ಬೇರುಸಹಿತ ತೆಗೆಸಿದ ಮನೆ ಅಷ್ಟು ಸುಲಭಕ್ಕೆ ಬೀಳುವುದಿಲ್ಲ.

ಕೊಳ್ಳಬೇಕೆಂದಿರುವವರು ಒಂದು ದಿನ ಆ ಮನೆಯಿಂದ ಹೊರಟು ಕೆರೆಯವರೆಗೆ, ಕಾಲೇಜಿನವರೆಗೆ, ಚಾಮರಾಜಪುರಂ ರೈಲು ನಿಲ್ದಾಣದವರೆಗೆ ನಡೆಯಿರಿ. ಬೆಳಗ್ಗೆ ಒಮ್ಮೆ, ರಾತ್ರಿ ಎಂಟರ ಮೇಲೆ ಒಮ್ಮೆ. ಮನೆಯ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರು ಎಲ್ಲೆಲ್ಲಿ ನಿಮ್ಮ ಕೈ ಹಿಡಿದರು ಎಂಬುದು ಯಾವ ವರದಿಗಿಂತಲೂ ಹೆಚ್ಚು ಹೇಳುತ್ತದೆ. ಕುಕ್ಕರಹಳ್ಳಿಯ ಏರಿಯ ಮೇಲೆ ವಾಕಿಂಗ್ ಮಾಡಲು ಒಂದೂವರೆ ಕಿಲೋಮೀಟರ್ ದೂರದ ಮನೆಯಿಂದ ಕಾರಿನಲ್ಲಿ ಬರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅವರನ್ನು ದೂರಲಾರೆ, ದಾರಿಯನ್ನು ಹಾಳುಮಾಡಿದವರು ನಾವೆಲ್ಲ.

ಬೀದಿಯವರು ಸೇರಿ ಈ ಬೇಸಿಗೆಯಲ್ಲೇ ಮಾಡಬಹುದಾದ ಒಂದು ಕೆಲಸವಿದೆ. ಹಳೆಯ ಡಾಂಬರಿನ ಮೇಲೆಯೇ ಹೊಸ ಡಾಂಬರು ಹಾಕುತ್ತ ಹೋದದ್ದರಿಂದ ಎಷ್ಟೋ ಕಡೆ ರಸ್ತೆ ಮನೆಯ ಮೊದಲ ಮೆಟ್ಟಿಲನ್ನು ನುಂಗಿದೆ. ಮಳೆನೀರು ಚರಂಡಿ ಬಿಟ್ಟು ಅಂಗಳಕ್ಕೆ ಬರುತ್ತದೆ, ಅದನ್ನು ತಡೆಯಲು ಜನ ಮತ್ತಷ್ಟು ಎತ್ತರದ ರ‍್ಯಾಂಪ್ ಕಟ್ಟುತ್ತಾರೆ. ಮುಂದಿನ ಸಲ ರಸ್ತೆ ಕೆಲಸ ಮಂಜೂರಾಗುವ ಮೊದಲೇ ವಾರ್ಡಿನ ಎಂಜಿನಿಯರಿಗೆ ಲಿಖಿತ ಅರ್ಜಿ ಕೊಡಿ: ಹಳೆಯ ಪದರವನ್ನು ಯಂತ್ರದಿಂದ ಕೆರೆದು ತೆಗೆದ ಮೇಲೆಯೇ ಹೊಸದು ಹಾಕಬೇಕು, ರಸ್ತೆಯ ಮಟ್ಟ ಈಗಿರುವುದಕ್ಕಿಂತ ಏರಬಾರದು ಎಂದು ಅಂದಾಜುಪಟ್ಟಿಯಲ್ಲೇ ಬರೆಸಿ. ಮೆಟ್ಟಿಲು ಮುಳುಗಿರುವ ಮನೆಗಳ ಫೋಟೋ ಲಗತ್ತಿಸಿ. ಕೆಲಸ ಶುರುವಾದ ಮೇಲೆ ಹೋಗಿ ಕೇಳಿದರೆ ಗುತ್ತಿಗೆದಾರರು ಅಂದಾಜುಪಟ್ಟಿ ತೋರಿಸುತ್ತಾರೆ. ಅದರಲ್ಲಿ ಇಲ್ಲದ್ದನ್ನು ಅವರು ಮಾಡಲಾರರು.