ಪ್ಲೈವುಡ್ ಮೇಲಿನ ಮುದ್ರೆಯ ಹಿಂದೆ ಯಾರಿದ್ದಾರೆ?

ಹೋದ ಮಳೆಗಾಲದಲ್ಲಿ ಒಬ್ಬರು ಫೋನ್ ಮಾಡಿ, ಸಿಂಕ್ ಕೆಳಗಿನ ಕಪಾಟು ಉಬ್ಬಿದೆ, ಬಂದು ನೋಡಿ ಅಂದರು. ಹೋಗಿ ನೋಡಿದರೆ ಹಲಗೆಯ ಅಂಚು ನೆನೆದ ಪುಸ್ತಕದ ಹಾಗೆ ಬಿಚ್ಚಿಕೊಂಡಿತ್ತು. ಒಂದು ಪದರ ಎಳೆದೆ. ಒಳಗೆ ಬೆರಳು ತೂರುವಷ್ಟು ಸಂದು, ಅದಕ್ಕೆ ಪುಟ್ಟಿ ಮೆತ್ತಿದ್ದರು. ಮೇಲೆ ಮಾತ್ರ ಐಎಸ್ 710 ಅಂತ ಭಾರತೀಯ ಮಾನಕದ ನಂಬರು ದಪ್ಪಗೆ ಅಚ್ಚು. ಅಂದರೆ ಮೆರೈನ್ ದರ್ಜೆ, 72 ಗಂಟೆ ನೀರಲ್ಲಿ ಕುದಿಸಿದರೂ ಅಂಟು ಬಿಡಬಾರದು.

ಪ್ಲೈವುಡ್ ತಯಾರಕರ ಸಂಘ ಅಂದರೆ ತೆರಿಗೆ ಇಳಿಸಿ ಅಂತ ಮನವಿ ಕೊಡೋರು ಅಂತಲೇ ಜಾಸ್ತಿ ಜನ ಅಂದುಕೊಂಡಿದ್ದಾರೆ. ನನ್ನ ಪ್ರಕಾರ ಅವರ ದೊಡ್ಡ ಕೆಲಸ ಈ ಮುದ್ರೆಯ ಮಾನ ಕಾಯೋದು.

ಅಮೆರಿಕದ ಕಥೆ ನೋಡಿ. ಅಲ್ಲಿ ಮೊದಲು ಕಾರುಗಳಿಗೂ ಪ್ಲೈವುಡ್ ಹಾಕುತ್ತಿದ್ದರು, ಆದರೆ ಅಂಟು ನೀರಿಗೆ ತಡೆಯದೆ ಆ ಮಾರುಕಟ್ಟೆಯೇ ಕೈತಪ್ಪಿತು. 1933ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಗಿರಣಿಗಳು ಸೇರಿ ಡಗ್ಲಾಸ್ ಫರ್ ಪ್ಲೈವುಡ್ ಅಸೋಸಿಯೇಷನ್ ಕಟ್ಟಿಕೊಂಡವು. ಮರುವರ್ಷ ನೀರು ತಡೆಯುವ ಅಂಟೂ ಬಂತು. ಆದರೆ ಅಂಟು ಬಂದ ಮಾತ್ರಕ್ಕೆ ನಂಬಿಕೆ ಬರುತ್ತಾ? ಒಂದು ಗಿರಣಿ ಕಳಪೆ ಮಾಲು ಕಳಿಸಿದರೆ ಬಡಗಿ ಆ ಗಿರಣಿಯ ಹೆಸರು ಹೇಳೋದಿಲ್ಲ, "ಪ್ಲೈವುಡ್ಡೇ ಬೇಡ" ಅಂತಾನೆ, ಅಲ್ಲಿಗೆ ಸರಿಯಾಗಿ ಮಾಡುವ ಹತ್ತು ಗಿರಣಿಗಳ ಹೊಟ್ಟೆ ಮೇಲೂ ಹೊಡೆತ. 1938ರ ಕಾನೂನು ಇಡೀ ಉದ್ಯಮಕ್ಕೆ ಒಂದೇ ಟ್ರೇಡ್‌ಮಾರ್ಕ್ ಇಟ್ಟುಕೊಳ್ಳಲು ದಾರಿ ಮಾಡಿತು. ಆಮೇಲೆ ಜನ ಗಿರಣಿ ನೋಡದೆ ಮುದ್ರೆ ನೋಡಿ ಕೊಂಡರು. ಅದೇ ಸಂಘ ಇವತ್ತು ಎಪಿಎ ಅನ್ನೋ ಹೆಸರಲ್ಲಿದೆ. ಓಎಸ್‌ಬಿ (ಮರದ ಚಕ್ಕೆ ಅಂಟಿಸಿ ಒತ್ತಿದ ಹಲಗೆ), ಗ್ಲೂಲಾಮ್ (ಹಲಗೆ ಮೇಲೆ ಹಲಗೆ ಅಂಟಿಸಿದ ತೊಲೆ) ಎಲ್ಲ ಸೇರಿದ ಮೇಲೆ 1994ರಲ್ಲಿ ಹೆಸರಿಗೆ ಎಂಜಿನಿಯರ್ಡ್ ವುಡ್ ಅಂತ ಸೇರಿಸಿಕೊಂಡಿತು.

ನಮ್ಮಲ್ಲೂ ಒಂದು ಒಳ್ಳೆ ಕೆಲಸ ಆಗಿದೆ. ಬೆಂಗಳೂರಿನ ತುಮಕೂರು ರಸ್ತೆಯ ಪ್ಲೈವುಡ್ ಸಂಶೋಧನಾ ಸಂಸ್ಥೆ 1960ರ ದಶಕದಲ್ಲಿ ಶುರುವಾದದ್ದೇ ತಯಾರಕರ ಸಹಕಾರಿ ಪ್ರಯೋಗಾಲಯವಾಗಿ. 1996ರಲ್ಲಿ ಸುಪ್ರೀಂ ಕೋರ್ಟ್ ಕಾಡಿನ ಮರಕ್ಕೆ ಕಡಿವಾಣ ಹಾಕಿತು, ಗಿರಣಿಗಳು ನೀಲಗಿರಿ, ಸಿಲ್ವರ್ ಓಕ್, ಹೆಬ್ಬೇವು ಅಂತ ರೈತರ ಮರಗಳತ್ತ ತಿರುಗಿದವು. ಹೊಸ ಮರ ತೆಳು ಪದರವಾಗಿ ಹೇಗೆ ಸುಲಿಯುತ್ತೆ, ಅಂಟು ಹೇಗೆ ಹಿಡಿಯುತ್ತೆ ಅಂತ ಪರೀಕ್ಷೆ ಮಾಡಿಸೋದು ಒಂದು ಸಣ್ಣ ಗಿರಣಿಯ ಕೈಲಾಗುವ ಮಾತಲ್ಲ.

ಐಎಸ್‌ಐ ಮುದ್ರೆ ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್ ಕೊಡೋದು, ಸಂಘ ಕೊಡೋದಲ್ಲ, ನಿಜ. ಆದರೂ ಸಂಘದವರೇ ಅಂಗಡಿಗೆ ಹೋಗಿ ಹಲಗೆ ಎತ್ತಿಕೊಂಡು ಬಂದು ಕುದಿಸಿ ನೋಡಬಹುದು, ಫೇಲಾದ ಸದಸ್ಯರನ್ನು ಹೊರಗಿಡಬಹುದು. ನೀವೂ ಮುದ್ರೆ ಕೆಳಗಿನ ಸಿಎಂ/ಎಲ್ ನಂಬರನ್ನು, ಅಂದರೆ ತಯಾರಕರ ಲೈಸೆನ್ಸ್ ನಂಬರನ್ನು, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಆ ಉಬ್ಬಿದ ಹಲಗೆಯನ್ನು ತಿರುಗಿಸಿ ಮುರುಗಿಸಿ ಹುಡುಕಿದೆ, ನಂಬರೇ ಇರಲಿಲ್ಲ.