ಡೀನ್ ಬೇಲಿ ವಜಾ, 2011: ಫೂಟಿ ಕೋಚ್ ಕೆಲಸ ಹೋಗುವುದನ್ನು ಓದುವ ಬಗೆ

2011ರ ಜುಲೈ 30, ಶನಿವಾರ. ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ (ಫೂಟಿ) ಲೀಗ್ ಎಎಫ್‌ಎಲ್‌ನ 19ನೇ ಸುತ್ತು. ಕಾರ್ಡಿನಿಯಾ ಪಾರ್ಕ್‌ನಲ್ಲಿ ಜೀಲಾಂಗ್ ತಂಡ ಮೆಲ್ಬರ್ನ್ ತಂಡವನ್ನು 186 ಅಂಕಗಳಿಂದ ಸೋಲಿಸಿತು. ಮರುದಿನವೇ ಮೆಲ್ಬರ್ನ್ ಕ್ಲಬ್ ತನ್ನ ಮುಖ್ಯ ಕೋಚ್ ಡೀನ್ ಬೇಲಿಯವರನ್ನು ವಜಾ ಮಾಡಿತು. ಸೋತರು, ತೆಗೆದರು ಎಂದಷ್ಟೇ ಬರೆದುಕೊಂಡರೆ ಈ ಪ್ರಕರಣದಿಂದ ಕಲಿಯುವುದು ಏನೂ ಉಳಿಯುವುದಿಲ್ಲ. ಆ ಸೋಲು ವಜಾದ ತಾರೀಖನ್ನು ಗೊತ್ತುಮಾಡಿತು, ಅಷ್ಟೆ. ಕಾರಣಗಳು ಮೂರು ವರ್ಷಗಳಿಂದ ಒಂದೊಂದಾಗಿ ಕೂಡುತ್ತಾ ಬಂದಿದ್ದವು.

ಸ್ಕೋರು ಓದುವುದು

ಜೀಲಾಂಗ್ 37.11 (233), ಮೆಲ್ಬರ್ನ್ 7.5 (47). ಚುಕ್ಕೆಯ ಎಡಕ್ಕಿರುವುದು ಗೋಲ್, ಒಂದಕ್ಕೆ 6 ಅಂಕ. ಬಲಕ್ಕಿರುವುದು ಬಿಹೈಂಡ್ (ಗೋಲ್ ಕಂಬಗಳ ಪಕ್ಕದಿಂದ ಸ್ವಲ್ಪದರಲ್ಲಿ ತಪ್ಪಿದ ಒದೆತ), ಒಂದಕ್ಕೆ 1 ಅಂಕ. 37ನ್ನು 6ರಿಂದ ಗುಣಿಸಿದರೆ 222, ಅದಕ್ಕೆ 11 ಸೇರಿದರೆ 233. ಮೆಲ್ಬರ್ನ್‌ದು 42ಕ್ಕೆ 5 ಸೇರಿ 47. ಚುಕ್ಕೆ ನೋಡಿ ಇದನ್ನು ದಶಮಾಂಶ ಎಂದುಕೊಳ್ಳುವುದು ಹೊಸಬರು ಮಾಡುವ ಮೊದಲ ತಪ್ಪು. ಲೀಗಿನ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಅಂತರದ ಸೋಲು ಒಂದೇ: 1979ರಲ್ಲಿ ಫಿಟ್ಜ್‌ರಾಯ್ ತಂಡದ ಎದುರು 190 ಅಂಕ. ಅಂದು ಸೋತದ್ದೂ ಮೆಲ್ಬರ್ನ್ ತಂಡವೇ.

ಆ ಶನಿವಾರಕ್ಕೆ ಮುಂಚೆ ಮೆಲ್ಬರ್ನ್ ಆ ಋತುವಿನಲ್ಲಿ 16 ಪಂದ್ಯ ಆಡಿ 7 ಗೆದ್ದಿತ್ತು, 8 ಸೋತಿತ್ತು, 1 ಡ್ರಾ ಆಗಿತ್ತು. ಗೆಲುವಿಗೆ 4, ಡ್ರಾಗೆ 2, ಒಟ್ಟು 30 ಪಾಯಿಂಟ್. ಪಾಯಿಂಟ್ ಪಟ್ಟಿಯನ್ನಷ್ಟೇ ನೋಡಿದರೆ ಕೋಚ್ ಕೆಲಸ ಹೋಗುವಂಥ ಸ್ಥಿತಿಯೇನೂ ಅಲ್ಲ. ಹಾಗಾಗಿ ಹಿಂದಕ್ಕೆ ಹೋಗಬೇಕು.

ಡ್ರಾಫ್ಟ್ ಮತ್ತು ಕೋಚ್‌ಗೆ ಸಿಗುವ ಕಾಲ

ಐಪಿಎಲ್ ಹರಾಜಿನ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ಎಎಫ್‌ಎಲ್‌ನಲ್ಲಿ ಸಂಬಳಕ್ಕೆ ಮಿತಿ ಇದೆ, ಹಣ ಸುರಿದು ಆಟಗಾರನನ್ನು ಕೊಳ್ಳುವಂತಿಲ್ಲ. ಹೊಸ ಹುಡುಗರು ಬರುವುದು ಮುಖ್ಯವಾಗಿ ಡ್ರಾಫ್ಟ್ ಮೂಲಕ, ಎಂದರೆ ತಂಡಗಳು ಸರದಿಯಂತೆ ಹುಡುಗರನ್ನು ಆರಿಸಿಕೊಳ್ಳುತ್ತವೆ, ಕೊನೆಯ ಸ್ಥಾನದ ತಂಡಕ್ಕೆ ಮೊದಲ ಆಯ್ಕೆ. ಹದಿನೆಂಟರ ಹುಡುಗ ಮೈ ತುಂಬಿಕೊಂಡು ದೊಡ್ಡವರ ಎದುರು ನಿಲ್ಲಲು ನಾಲ್ಕೈದು ವರ್ಷ ಬೇಕು. ಕೋಚ್‌ಗೆ ಸಿಗುವ ಕರಾರು ಸಾಮಾನ್ಯವಾಗಿ ಎರಡು ಮೂರು ವರ್ಷದ್ದು. ಎಂದರೆ ನಾಟಿ ಮಾಡಿದವನೊಬ್ಬ, ಫಸಲು ಕೊಯ್ಯುವವನು ಇನ್ನೊಬ್ಬ. ಈ ಆಟದಲ್ಲಿ ಕೋಚ್‌ಗಳನ್ನು ತೆಗೆಯುವುದರ ಹಿಂದಿರುವ ಮೂಲ ತೊಡಕು ಇದೇ.

ಬೇಲಿ 2008ರಲ್ಲಿ ಕೆಲಸ ಶುರುಮಾಡಿದರು. ಆ ವರ್ಷ 3 ಗೆಲುವು, 2009ರಲ್ಲಿ 4. ಆಗ ಒಂದು ನಿಯಮವಿತ್ತು: ಸತತ ಎರಡು ಋತುಗಳಲ್ಲಿ ಐದಕ್ಕಿಂತ ಕಡಿಮೆ ಪಂದ್ಯ ಗೆದ್ದ ತಂಡಕ್ಕೆ ಮೊದಲ ಸುತ್ತಿಗೂ ಮುಂಚೆ ಒಂದು ಹೆಚ್ಚುವರಿ ಆದ್ಯತಾ ಆಯ್ಕೆ. ಐದನೇ ಗೆಲುವು ಬಂದರೆ ಆ ಆಯ್ಕೆ ಕೈತಪ್ಪುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ವಿಷಬೀಜ ಈ ನಿಯಮ. ಗೆಲ್ಲುವುದೇ ಕೆಲಸವಾದ ಮನುಷ್ಯನ ಮುಂದೆ ಸೋಲಿಗೆ ಬಹುಮಾನ ಇಟ್ಟ ಹಾಗೆ.

2009ರ 18ನೇ ಸುತ್ತಿನಲ್ಲಿ ರಿಚ್ಮಂಡ್ ವಿರುದ್ಧ ಮೆಲ್ಬರ್ನ್ 2 ಅಂಕ ಮುಂದಿತ್ತು. ಆಟ ಮುಗಿಯುವ ಸೈರನ್ ಕೂಗಿತು. ರಿಚ್ಮಂಡ್‌ನ ಜೋರ್ಡನ್ ಮ್ಯಾಕ್‌ಮಹನ್‌ಗೆ ಒಂದು ಒದೆತ ಬಾಕಿಯಿತ್ತು, ಗೋಲ್ ಹೋಯಿತು, 4 ಅಂಕಗಳ ಸೋಲು. ಆ ಪಂದ್ಯದಲ್ಲಿ ಆಟಗಾರರನ್ನು ಒಗ್ಗದ ಜಾಗಗಳಲ್ಲಿ ನಿಲ್ಲಿಸಿದ್ದು ಮುಂದೆ ತನಿಖೆಯ ವಸ್ತುವಾಯಿತು. 2013ರ ಫೆಬ್ರವರಿಯಲ್ಲಿ ಬಂದ ತೀರ್ಮಾನದಲ್ಲಿ ಕ್ಲಬ್ ಬೇಕೆಂದೇ ಸೋತಿತು ಎಂಬುದು ಸಾಬೀತಾಗಲಿಲ್ಲ. ಆದರೂ ಕ್ಲಬ್‌ಗೆ 5 ಲಕ್ಷ ಡಾಲರ್ ದಂಡ ಬಿತ್ತು, ಅಷ್ಟುಹೊತ್ತಿಗೆ ಅಡಿಲೇಡ್‌ನಲ್ಲಿ ಸಹಾಯಕ ಕೋಚ್ ಆಗಿದ್ದ ಬೇಲಿಗೆ 16 ವಾರ ಅಮಾನತು. ಟಿಪ್ಪಣಿಯಲ್ಲಿ ಈ ಎರಡೂ ಮಾತು ಒಟ್ಟಿಗೆ ಇರಲಿ. ಒಂದನ್ನೇ ಬರೆದರೆ ಆ ಮನುಷ್ಯನಿಗೆ ಅನ್ಯಾಯವಾಗುತ್ತದೆ.

ಹಿರಿಯರಿಲ್ಲದ ಪಟ್ಟಿ

2009ರ ಡ್ರಾಫ್ಟ್‌ನ ಮೊದಲ ಎರಡೂ ಆಯ್ಕೆ ಮೆಲ್ಬರ್ನ್‌ಗೆ ಸಿಕ್ಕವು: ಟಾಮ್ ಸ್ಕಲಿ, ಜ್ಯಾಕ್ ಟ್ರೆಂಗೋವ್. 2010ರಲ್ಲಿ ಗೆಲುವು 8ಕ್ಕೆ ಏರಿತು, ಯೋಜನೆ ಫಲಿಸುತ್ತಿದೆ ಎನಿಸಿತು. ಆದರೆ ಈ ನಡುವೆ ಹಿರಿಯ ಆಟಗಾರರಾದ ಜೆಫ್ ವೈಟ್, ಆಡಮ್ ಯೇಜ್, ರಸೆಲ್ ರಾಬರ್ಟ್‌ಸನ್ ಒಬ್ಬೊಬ್ಬರಾಗಿ ಹೊರನಡೆದಿದ್ದರು. 2010ರ ಕೊನೆಗೆ ನಾಯಕ ಜೇಮ್ಸ್ ಮ್ಯಾಕ್‌ಡೊನಾಲ್ಡ್ ಅವರಿಗೂ ಮುಂದಿನ ವರ್ಷದ ಜಾಗ ಕೊಡಲಿಲ್ಲ.

ಇದರ ಪೆಟ್ಟು ಮೈದಾನದಲ್ಲಿ ಕಾಣಿಸುತ್ತದೆ. ಎದುರಾಳಿ ಸತತ ನಾಲ್ಕು ಗೋಲ್ ಹೊಡೆದಾಗ ಯಾರಾದರೊಬ್ಬ ಹಿರಿಯ ಚೆಂಡನ್ನು ಹಿಡಿದು, ಸ್ವಲ್ಪ ಹೊತ್ತು ಕಳೆದು, ಎಲ್ಲರನ್ನೂ ತಾವು ಕಾಯಬೇಕಾದ ಎದುರಾಳಿಯ ಪಕ್ಕಕ್ಕೆ ಕಳಿಸಬೇಕು. ಇಪ್ಪತ್ತರ ಹುಡುಗರೇ ತುಂಬಿದ ತಂಡದಲ್ಲಿ ಆ ಕೂಗು ಹಾಕುವವರಿಲ್ಲ. 40 ಅಂಕದ ಸೋಲು 90 ಆಗುವುದು, ಕೆಟ್ಟ ದಿನ 186ಕ್ಕೆ ಹೋಗಿ ಮುಟ್ಟುವುದು ಹೀಗೆ. ವಾರವಾರ ಆಡುವವರನ್ನು ಆರಿಸುವುದು ಕೋಚ್ ಕೈಯಲ್ಲಿದೆ, ನಿಜ. ಆದರೆ ಕ್ಲಬ್ಬಿನ ಆಟಗಾರರ ಪಟ್ಟಿಯಲ್ಲಿ ಯಾರಿರಬೇಕು ಎಂಬುದು ಇಡೀ ಕ್ಲಬ್ಬಿನ ನಿರ್ಧಾರ. ವಜಾ ಆಗುವುದು ಮಾತ್ರ ಕೋಚ್.

ಮಂಡಳಿಯ ಕೋಣೆ

ಆ ಹೊತ್ತಿಗೆ ಕ್ಲಬ್ ಅಧ್ಯಕ್ಷ ಜಿಮ್ ಸ್ಟೈನ್ಸ್ ಕ್ಯಾನ್ಸರ್‌ನಿಂದ ನರಳುತ್ತಿದ್ದರು. ಆ ವಾರ ಮುಖ್ಯ ಕಾರ್ಯನಿರ್ವಾಹಕ ಕ್ಯಾಮರಾನ್ ಶ್ವಾಬ್ ಅವರ ಕುರ್ಚಿಯೂ ಅಲುಗಾಡುತ್ತಿತ್ತು. 186ರ ನಂತರ ಶ್ವಾಬ್ ಉಳಿದರು, ಬೇಲಿ ಹೋದರು. ಯಾವುದೇ ವಜಾ ಓದುವಾಗ ಹೋದವರ ಹೆಸರಿನ ಪಕ್ಕದಲ್ಲೇ ಉಳಿದವರ ಹೆಸರನ್ನೂ ಬರೆದುಕೊಳ್ಳಿ. ಶ್ವಾಬ್ ರಾಜೀನಾಮೆ ಕೊಟ್ಟದ್ದು 2013ರ ಏಪ್ರಿಲ್‌ನಲ್ಲಿ, ಎಸೆಂಡನ್ ಎದುರು 148 ಅಂಕಗಳ ಸೋಲಾದ ಮೇಲೆ.

ಕ್ರಮ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ: ಮಂಡಳಿ ಸೇರುತ್ತದೆ, ಕೋಚ್‌ಗೆ ತಿಳಿಸುತ್ತದೆ, ಆಟಗಾರರಿಗೆ ಹೇಳುತ್ತಾರೆ, ಪತ್ರಿಕಾಗೋಷ್ಠಿ, ಹಂಗಾಮಿ ಕೋಚ್, ಆಮೇಲೆ ಹುಡುಕಾಟ. ಬೇಲಿಯ ಜಾಗಕ್ಕೆ ಹಂಗಾಮಿಯಾಗಿ ಬಂದವರು ಟಾಡ್ ವೈನಿ. ಉಳಿದ 5 ಪಂದ್ಯಗಳಲ್ಲಿ 1 ಗೆಲುವು.

ತೆಗೆದದ್ದರಿಂದ ಏನಾಯಿತು

ಬೇಲಿ: 83 ಪಂದ್ಯ, 22 ಗೆಲುವು, 59 ಸೋಲು, 2 ಡ್ರಾ. ನಂತರ ಬಂದ ಮಾರ್ಕ್ ನೀಲ್ಡ್: 33 ಪಂದ್ಯ, 5 ಗೆಲುವು, 2013ರ ಜೂನ್ 17ರಂದು ವಜಾ. ಗೆಲುವಿನ ಪ್ರಮಾಣ ಸುಮಾರು ಶೇ. 26ರಿಂದ ಶೇ. 15ಕ್ಕೆ ಇಳಿಯಿತು. ಸ್ಕಲಿ 2011ರ ಕೊನೆಗೆ ಹೊಸ ತಂಡವಾದ ಗ್ರೇಟರ್ ವೆಸ್ಟರ್ನ್ ಸಿಡ್ನಿಗೆ ಹೋದರು. ಟ್ರೆಂಗೋವ್‌ಗೆ 20ನೇ ವಯಸ್ಸಿಗೇ ಜಂಟಿ ನಾಯಕತ್ವ ಹೊರಿಸಿದರು. ಹಿರಿಯರಿಲ್ಲದ ಪಟ್ಟಿ ಹಾಗೇ ಇತ್ತು, ಬದಲಾದದ್ದು ಕೋಚ್ ಹೆಸರು. ಪಾಲ್ ರೂಸ್ ಬಂದ ಮೇಲೆ 2014, 2015, 2016ರಲ್ಲಿ ಕ್ರಮವಾಗಿ 4, 7, 10 ಗೆಲುವು. ಅವರ ಉತ್ತರಾಧಿಕಾರಿ ಯಾರೆಂಬುದೂ ಮೊದಲೇ ಗೊತ್ತಾಗಿತ್ತು: ಸೈಮನ್ ಗುಡ್ವಿನ್.

ಎಲ್ಲ ವಜಾಗಳೂ ಇದೇ ಅಚ್ಚಿನವಲ್ಲ. ಕಾರ್ಲ್‌ಟನ್‌ನ ಮಿಕ್ ಮಾಲ್ಟ್‌ಹೌಸ್ 2015ರ ಮೇ ತಿಂಗಳ ಆರಂಭದಲ್ಲಿ ಅತಿ ಹೆಚ್ಚು ಪಂದ್ಯಗಳಿಗೆ ಕೋಚ್ ಆದ ದಾಖಲೆ ಮುರಿದರು, ಅದೇ ತಿಂಗಳ ಕೊನೆಗೆ ವಜಾ ಆದರು. ಅಲ್ಲಿ ತಾರೀಖು ಗೊತ್ತುಮಾಡಿದ್ದು ಕ್ಲಬ್ ಬಗ್ಗೆ ರೇಡಿಯೋದಲ್ಲಿ ಆಡಿದ ಮಾತು. ಗುಡ್ವಿನ್ 2021ರಲ್ಲಿ ಮೆಲ್ಬರ್ನ್‌ಗೆ 57 ವರ್ಷಗಳ ನಂತರ ಪ್ರೀಮಿಯರ್‌ಶಿಪ್ (ಲೀಗಿನ ಪ್ರಶಸ್ತಿ) ಗೆದ್ದುಕೊಟ್ಟವರು. ಕರಾರು 2026ರ ಕೊನೆಯವರೆಗಿದ್ದರೂ 2025ರ ಆಗಸ್ಟ್ 5ರಂದು ಅವರನ್ನೂ ತೆಗೆದರು. ಅದಕ್ಕೆ ಒಂಬತ್ತು ದಿನ ಮುಂಚೆ, ಮೂರನೇ ಕ್ವಾರ್ಟರ್ ಮುಗಿದಾಗ 46 ಅಂಕ ಮುಂದಿದ್ದ ಪಂದ್ಯವನ್ನು ತಂಡ ಸೇಂಟ್ ಕಿಲ್ಡಾಗೆ ಸೋತಿತ್ತು.

ಬೇಲಿ 2014ರ ಮಾರ್ಚ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಸ್ಕಲಿ, ಟ್ರೆಂಗೋವ್ ಬಂದ ಅದೇ 2009ರ ಡ್ರಾಫ್ಟ್‌ನಲ್ಲಿ ಮೆಲ್ಬರ್ನ್ 34ನೇ ಆಯ್ಕೆಯಾಗಿ ಮ್ಯಾಕ್ಸ್ ಗಾನ್ ಎಂಬ ಎತ್ತರದ ಹುಡುಗನನ್ನು ತೆಗೆದುಕೊಂಡಿತ್ತು. 2021ರ ಸೆಪ್ಟೆಂಬರ್ 25ರಂದು ಪರ್ತ್‌ನಲ್ಲಿ ನಾಯಕನಾಗಿ ಕಪ್ ಎತ್ತಿದ್ದು ಅವರೇ.