ಬಿದ್ದದ್ದು ಗೋಡೆಯೋ, ಮನೆಯೋ?

ಕಳೆದ ಮಳೆಗಾಲದಲ್ಲಿ ಬದಿಯಡ್ಕ ಕಡೆಯ ಒಬ್ಬರು ಅಜ್ಜಿಗೆ ಅರ್ಜಿ ಬರೆದುಕೊಟ್ಟೆ. ಕನ್ನಡ, ಮಲಯಾಳ, ಇಂಗ್ಲಿಷುಗಳ ನಡುವೆ ಅರ್ಜಿ, ಆಧಾರಪತ್ರಗಳನ್ನು ದಾಟಿಸುವುದೇ ಕಾಸರಗೋಡಿನಲ್ಲಿ ನನ್ನ ಕಸುಬು. ಅವರ ಮನೆಯ ಹಿಂಬದಿಯ ಮುರಕಲ್ಲಿನ ಗೋಡೆ ಕುಸಿದಿತ್ತು, ಅಡುಗೆಕೋಣೆಯ ಮಾಡು (ಚಾವಣಿ) ಒಂದು ಕಡೆ ಜರಿದಿತ್ತು. "ಪುದುಕ್ಕಿ ಪಣಿಯಬೇಕು ಅಂತ ಬರೀರಿ" ಎಂದರು, ಹೊಸದಾಗಿಸಿ ಕಟ್ಟಬೇಕು ಎಂದು. ನಾನು ಯೋಚಿಸದೆ 'ಟು ರೀಬಿಲ್ಡ್ ಮೈ ಹೌಸ್' ಎಂದು ಗೀಚಿದೆ. ಪರಿಶೀಲನೆಗೆ ಬಂದವರು ಅಂಗಳದಲ್ಲೇ ನಿಂತು, "ಮನೆ ನಿಂತೇ ಉಂಟಲ್ಲ, ಪುನಃ ಕಟ್ಟುವುದು ಯಾವುದನ್ನು?" ಎಂದರಂತೆ. ಅರ್ಜಿ ವಾಪಸು ಬಂತು. ತಪ್ಪು ನನ್ನದೇ.

ಮಲಯಾಳದ 'ಪುದುಕ್ಕಿ ಪಣಿಯುಗ' ತುಂಬ ಧಾರಾಳಿ. ಮಾಡು ತೆಗೆದು ಹೊಸದು ಹಾಕಿದರೂ ಅದೇ, ಪಂಚಾಂಗದಿಂದ, ಅಂದರೆ ಅಡಿಪಾಯದಿಂದ, ಎಬ್ಬಿಸಿದರೂ ಅದೇ. ಇಂಗ್ಲಿಷಿನ ರೀಬಿಲ್ಡ್ ಅಷ್ಟು ಸಡಿಲವಲ್ಲ. ಮೊದಲು ಒಂದು ಇತ್ತು, ಅದು ಬಿತ್ತು ಅಥವಾ ನಾವೇ ಬಿಚ್ಚಿದೆವು, ಈಗ ಮತ್ತೆ ಕಟ್ಟುತ್ತೇವೆ: ಇಷ್ಟೂ ಆ ಒಂದು ಪದದೊಳಗಿದೆ. ಹಾಗಾಗಿ ನೋಡಬೇಕಾದದ್ದು ಕ್ರಿಯಾಪದಕ್ಕಿಂತ ಮೊದಲು ಅದರ ಕರ್ಮಪದವನ್ನು. ಅಜ್ಜಿಯ ಎರಡನೇ ಅರ್ಜಿಯಲ್ಲಿ ಗೋಡೆಗೆ ರೀಬಿಲ್ಡ್, ಮಾಡಿಗೆ ರಿಪೇರ್ ಎಂದು ಬೇರೆಬೇರೆ ಬರೆದೆ. ಒಟ್ಟು ಮನೆಗೆ ಒಂದೇ ಮಾತು ಬೇಕೆಂದರೆ ರಿನೋವೇಟ್ ಸಾಕಿತ್ತು.

2018ರ ನೆರೆಯ ನಂತರ 'ರೀಬಿಲ್ಡ್ ಕೇರಳ' ಎಂಬ ಸರಕಾರಿ ಹೆಸರು ನಮ್ಮ ಕಿವಿಗೆ ಎಷ್ಟು ಬಿದ್ದಿದೆಯೆಂದರೆ, ಬಚ್ಚಲುಮನೆಗೆ ಟೈಲ್ಸ್ ಹಾಕಿಸುವುದಕ್ಕೂ ಜನ ಅದನ್ನೇ ಬಳಸತೊಡಗಿದ್ದಾರೆ. ಆ ಹೆಸರಿನಲ್ಲಿ ಪದ ಸರಿಯಾಗಿಯೇ ಕೂತಿದೆ. ಸೇತುವೆ, ರಸ್ತೆ, ಮನೆಗಳು ನಿಜಕ್ಕೂ ಕೊಚ್ಚಿಹೋಗಿದ್ದವು.

ದೇವಸ್ಥಾನದ ಕಾಗದಗಳಲ್ಲಿ ಗೊಂದಲ ಇದರ ತಿರುಗಾಮುರುಗ. ಜೀರ್ಣೋದ್ಧಾರ ಎಂದ ಕೂಡಲೇ ಎಲ್ಲರೂ ರಿನೋವೇಶನ್ ಎಂದು ಅಚ್ಚು ಹಾಕಿಸುತ್ತಾರೆ. ಸುತ್ತುಪೌಳಿಗೆ ಹೊಸ ಹಂಚು ಹೊದೆಸಿದ್ದಾದರೆ ಅದು ಸರಿ. ಆದರೆ ಬಿಂಬವನ್ನು ತಾತ್ಕಾಲಿಕ ಗುಡಿಯಾದ ಬಾಲಾಲಯಕ್ಕೆ ಕೊಂಡುಹೋಗಿ, ಹಳೆಯ ಗರ್ಭಗುಡಿಯನ್ನು ಪೂರ್ತಿ ಬಿಚ್ಚಿ, ಬಿಂಬದ ಅಡಿಗೆ ಷಡಾಧಾರ ಇಟ್ಟು, ಶಿಲಾಮಯವಾಗಿ ಎಬ್ಬಿಸಿ, ಪುನಃಪ್ರತಿಷ್ಠೆಯ ಬ್ರಹ್ಮಕಲಶ ಮಾಡಿದ್ದಾದರೆ? ಅಲ್ಲಿ ರೀಬಿಲ್ಡ್ ಅನ್ನಲು ಅಂಜಬೇಕಾಗಿಲ್ಲ. ಸಮಿತಿಯವರು ಒಪ್ಪುವುದಿಲ್ಲ, ಅದು ಬೇರೆ ಮಾತು. ಆ ಪದದಲ್ಲಿ ಕೆಡವಿದ್ದು ಕಾಣುತ್ತದಲ್ಲ! ಇನ್ನು ಬೇಕಲ ಕೋಟೆಯಂಥದಕ್ಕೆ ಎರಡೂ ಸಲ್ಲದು. ಇದ್ದದ್ದನ್ನು ಇದ್ದ ಹಾಗೆ ಉಳಿಸುವುದಕ್ಕೆ ಕನ್ಸರ್ವ್, ಹಿಂದಿನ ರೂಪಕ್ಕೆ ತರುವುದಕ್ಕೆ ರಿಸ್ಟೋರ್.

ಭೂತಕಾಲ ರೀಬಿಲ್ಟ್, ರೀಬಿಲ್ಡೆಡ್ ಅಲ್ಲ. ಜೊತೆಗೆ ಅಗೇನ್ ಬೇಡ, 'ರೀ'ಯೇ ಆ ಕೆಲಸ ಮಾಡಿದೆ. ಎರಡನೇ ಸಲವೂ ಬಿದ್ದು ಮತ್ತೆ ಕಟ್ಟಿದ್ದರೆ ಮಾತ್ರ ಅಗೇನ್ ನಡೆಯುತ್ತದೆ. ಬದುಕು, ನಂಬಿಕೆ, ಬಸ್ಸಿನ ಇಂಜಿನು, ಎಲ್ಲವನ್ನೂ ರೀಬಿಲ್ಡ್ ಮಾಡಬಹುದು.

ಮಾಡಲಾಗದ್ದೂ ಇದೆ, ಅಲ್ಲಿ ರೀಕನ್‌ಸ್ಟ್ರಕ್ಟ್ ಬೇಕು. ಕಟ್ಟಡದ ಮಟ್ಟಿಗೆ ಎರಡೂ ಒಂದೇ ಅರ್ಥ ಕೊಡುತ್ತವೆ. ಆದರೆ ಉಳಿದ ಕುರುಹು ನೋಡಿ ಹಿಂದೆ ಹೇಗಿತ್ತೆಂದು ತರ್ಕಿಸುವುದು ರೀಕನ್‌ಸ್ಟ್ರಕ್ಟ್ ಮಾತ್ರ. ಅಪಘಾತ ನಡೆದ ಬಗೆಯನ್ನು ತಿಳಿಯಲು ಪೊಲೀಸರು ಮಾಡುವುದು ಅದನ್ನೇ, ಭಾಷಾವಿಜ್ಞಾನಿಗಳದ್ದೂ ಅದೇ. ನಮ್ಮ ಪೇಟೆಯ ಯಾವುದೇ ಹಾಲಿನ ಡೈರಿಯ ಮುಂದೆ ಹತ್ತು ನಿಮಿಷ ನಿಲ್ಲಿ. ಕನ್ನಡದವರು ಹಾಲು, ಮಲಯಾಳದವರು ಪಾಲ್, ತುಳುವಿನವರು ಪೇರ್ ಕೇಳುತ್ತಾರೆ. ಹಳಗನ್ನಡದಲ್ಲಿ ನಮ್ಮದೂ ಪಾಲ್ ಆಗಿತ್ತು. ಪಕಾರ ಹಕಾರವಾದದ್ದು ಆಮೇಲೆ. ಇವನ್ನೆಲ್ಲ ಎದುರಿಟ್ಟು, ಈ ಭಾಷೆಗಳ ತಾಯಿಯಾದ ಮೂಲ ದ್ರಾವಿಡದಲ್ಲಿಯೂ ಪಾಲ್ ಇದ್ದಿರಬೇಕೆಂದು ವಿದ್ವಾಂಸರು ಹೇಳುತ್ತಾರೆ. ಹೇಳಿ, ಪದದ ತಲೆಗೊಂದು ನಕ್ಷತ್ರಚಿಹ್ನೆ ಇಡುತ್ತಾರೆ: ಬರಹದಲ್ಲಿ ಸಿಕ್ಕಿದ್ದಲ್ಲ, ತರ್ಕದಿಂದ ಪಡೆದದ್ದು ಎಂದು. ಅದಕ್ಕೆ ಹೋಗಿ ರೀಬಿಲ್ಡ್ ಎಂದರೆ ಮೇಸ್ತ್ರಿ ಬಂದು ಕಲ್ಲೆಷ್ಟು ಬೇಕೆಂದು ಕೇಳಿಯಾನು.